1970ರ ಷೆವರ್ಲೆ ಚೆವೆಲ್ 396 ಕಾರು: ಬಿಸಿಯಾದ ಮೇಲೆ ಸ್ಟಾರ್ಟ್ ಆಗ್ತಿಲ್ಲ

ಬಿಗ್‌ಬ್ಲಾಕ್_70:
ತಲೆ ಕೆಟ್ಟುಹೋಗಿದೆ. ಬೆಳಿಗ್ಗೆ ಕೀ ತಿರುಗಿಸಿದ ತಕ್ಷಣ ಸ್ಟಾರ್ಟ್. ಡೆಟ್ರಾಯಿಟ್‌ನ ವುಡ್‌ವರ್ಡ್ ಅವೆನ್ಯೂ ಟ್ರಾಫಿಕ್‌ನಲ್ಲಿ ಒಂದು ಗಂಟೆ ಓಡಿಸಿ, ಪೆಟ್ರೋಲ್ ಹಾಕಿಸೋಕೆ ಹತ್ತು ನಿಮಿಷ ನಿಲ್ಲಿಸಿದ್ರೆ ಮುಗೀತು, ಸ್ಟಾರ್ಟ್ ಆಗಲ್ಲ. ಬ್ಯಾಟರಿ, ಪ್ಲಗ್ ಎಲ್ಲಾ ಹೊಸದು.

ಹಾಲಿ_780:
ವೇಪರ್ ಲಾಕ್, ಅಂದ್ರೆ ಬಿಸಿಗೆ ಪೆಟ್ರೋಲ್ ಆವಿಯಾಗಿ ಎಂಜಿನ್‌ಗೆ ಸಿಗ್ತಿಲ್ಲ. ಇಲ್ಲಿ ಈಗಿನ ಪೆಟ್ರೋಲ್‌ನಲ್ಲಿ 10% ಎಥನಾಲ್ ಇರುತ್ತೆ, ಕಾರ್ಬ್ಯುರೇಟರ್‌ನಲ್ಲೇ ಕುದಿಯುತ್ತೆ. ಅದರ ಕೆಳಗೆ ಬಿಸಿ ತಡೆಯೋ ಅರ್ಧ ಇಂಚಿನ ಫೀನಾಲಿಕ್ ಸ್ಪೇಸರ್ ಹಾಕಿ.

ಬಿಗ್‌ಬ್ಲಾಕ್_70:
ಸ್ಪೇಸರ್ ಆಗಲೇ ಇದೆ.

ಹಾಲಿ_780:
ಹಾಗಾದ್ರೆ ಪೆಟ್ರೋಲ್ ಟ್ಯಾಂಕ್‌ಗೆ ವಾಪಸ್ ಹೋಗೋಕೆ ರಿಟರ್ನ್ ಲೈನ್ ಎಳೀಬೇಕು. ಇದು ವೇಪರ್ ಲಾಕೇ.

ಮೋಪಾರ್_440:
ತಡೀರಿ ಸರ್. ಎಂಜಿನ್ ಜೋರಾಗಿ ತಿರುಗಿಯೂ ಹಿಡಿಯಲ್ವಾ, ಇಲ್ಲಾ ತಿರುಗೋದೇ ಕಷ್ಟಾನಾ?

ಬಿಗ್‌ಬ್ಲಾಕ್_70:
ತಿರುಗೋದೇ ಕಷ್ಟ. ಅರ್ಧ ಸುತ್ತು ಎಳೆದು ನಿಂತುಬಿಡುತ್ತೆ. 40 ನಿಮಿಷ ಆರಿದ್ರೆ ಸರಿಹೋಗುತ್ತೆ. ಎಕ್ಸಾಸ್ಟ್‌ಗೆ ಹೆಡ್ಡರ್ ಪೈಪ್ ಹಾಕಿಸಿದೀನಿ, ಬ್ಯಾಟರಿ ಡಿಕ್ಕಿಯಲ್ಲಿದೆ.

ಮೋಪಾರ್_440:
ಇದನ್ನ ಮೊದಲೇ ಹೇಳಬೇಕಿತ್ತು! ವೇಪರ್ ಲಾಕ್ ಆದ್ರೆ ಸ್ಟಾರ್ಟರ್ ಚೆನ್ನಾಗೇ ತಿರುಗುತ್ತೆ. ಇಲ್ಲಿ ಹೆಡ್ಡರ್ ಪೈಪ್ ಸ್ಟಾರ್ಟರ್ ಪಕ್ಕದಲ್ಲೇ ಹೋಗುತ್ತೆ. ತಾಮ್ರ ಕಾದಷ್ಟೂ ರೆಸಿಸ್ಟೆನ್ಸ್ ಏರುತ್ತೆ, ಮೇಲೆ ಡಿಕ್ಕಿಯಿಂದ ಬರೋ ಉದ್ದ ಕೇಬಲ್. ಎಂಜಿನ್ ಬಿಸಿ ಇದ್ದಾಗಲೇ ಪ್ಲಗ್‌ಗೆ ಕಿಡಿ ಕೊಡೋ ಕಾಯಿಲ್‌ನ ಪ್ಲಸ್ ವೈರ್ ಬಿಚ್ಚಿ ಕ್ರ್ಯಾಂಕ್ ಮಾಡಿ (ಸ್ಟಾರ್ಟರ್ ತಿರುಗಿಸಿ). ಸಲೀಸಾಗಿ ತಿರುಗಿದ್ರೆ ಇನಿಷಿಯಲ್ ಟೈಮಿಂಗ್ ಜಾಸ್ತಿಯಾಗಿದೆ, ಅಂದ್ರೆ ಕಿಡಿ ತೀರಾ ಬೇಗ ಹಾರ್ತಿದೆ. ಆಗಲೂ ಎಳೆದ್ರೆ, ಕ್ರ್ಯಾಂಕ್ ಆಗ್ತಿರುವಾಗ ಮಲ್ಟಿಮೀಟರ್ ಹಿಡೀರಿ: ಬ್ಯಾಟರಿ ಮೈನಸ್‌ನಿಂದ ಬ್ಲಾಕ್‌ಗೆ 0.2 ವೋಲ್ಟ್, ಪ್ಲಸ್‌ನಿಂದ ಸ್ಟಾರ್ಟರ್ ಬೋಲ್ಟ್‌ಗೆ 0.5 ವೋಲ್ಟ್, ಇದಕ್ಕಿಂತ ಮೇಲೆ ಹೋಗಬಾರದು. ಅಂದಹಾಗೆ 1970ರ 396 ಎಂಜಿನ್ ನಿಜಕ್ಕೂ 402 ಕ್ಯೂಬಿಕ್ ಇಂಚು.

ಹಾಲಿ_780:
ಬ್ಯಾಡ್ಜ್ ಮೇಲೆ 396 ಇದ್ರೆ ಅದು 396.

ಮೋಪಾರ್_440:
ಬೋರ್ (ಸಿಲಿಂಡರ್ ಅಗಲ) ಅಳೆದು ನೋಡಿ. 396ಕ್ಕೆ 4.094, 402ಕ್ಕೆ 4.126 ಇಂಚು. ಪಿಸ್ಟನ್ ರಿಂಗ್ ತರಿಸುವಾಗ ಬ್ಯಾಡ್ಜ್ ಕೆಲಸಕ್ಕೆ ಬರಲ್ಲ.

ರೆಡ್‌ಐ_ಅಭಿ:
ಡಾಡ್ಜ್ ಹೆಲ್‌ಕ್ಯಾಟ್ ಕಾರಲ್ಲೂ ಬ್ಯಾಟರಿ ಡಿಕ್ಕಿಯಲ್ಲೇ ಇರೋದು. 6.2 ಲೀಟರ್, ಸೂಪರ್‌ಚಾರ್ಜರ್, ನನ್ನ ರೆಡ್‌ಐ ಮಾಡೆಲ್ 797 ಹಾರ್ಸ್‌ಪವರ್. ಬಟನ್ ಒತ್ತಿದ್ರೆ ಸಾಕು.

ಬಿಗ್‌ಬ್ಲಾಕ್_70:
ಕಾಯಿಲ್ ವೈರ್ ಬಿಚ್ಚಿದ್ರೂ ಎಳೀತಿದೆ. ಪ್ಲಸ್ ಕಡೆ 0.4. ಮೈನಸ್ ಕಡೆ 1.1! ಮೈನಸ್ ಕೇಬಲ್ ಫ್ರೇಮ್‌ಗೆ ಕೂರೋ ಲಗ್ (ಕೇಬಲ್ ತುದಿಯ ಲೋಹದ ಬಳೆ) ಬಿಚ್ಚಿ ನೋಡಿದೆ, ಕೆಳಗೆ ಫ್ರೇಮ್‌ನ ಪೌಡರ್‌ಕೋಟ್ ಬಣ್ಣ ಹಾಗೇ ಇದೆ. ಬೋಲ್ಟಿನ ಎಳೆಗಳು ಮಾತ್ರ ಲೋಹಕ್ಕೆ ತಾಗಿ ಕಪ್ಪಾಗಿವೆ.

ಮೋಪಾರ್_440:
ಸಿಕ್ತು. ಲಗ್ ಕೂರೋ ಜಾಗವನ್ನ ಲೋಹ ಹೊಳೆಯೋ ತನಕ ಉಜ್ಜಿ. ಎಂಜಿನ್ ರಬ್ಬರ್ ಮೌಂಟ್ ಮೇಲೆ ಕೂತಿರೋದ್ರಿಂದ ಫ್ರೇಮ್‌ನಿಂದ ಬ್ಲಾಕ್‌ಗೂ 1/0 ಗೇಜ್ ದಪ್ಪ ಕೇಬಲ್ ಹಾಕಿ.

ಬಿಗ್‌ಬ್ಲಾಕ್_70:
ಮಿನಿ ಸ್ಟಾರ್ಟರೂ ತರಿಸಲಾ?

ಮೋಪಾರ್_440:
ಮೊದಲು ಕೇಬಲ್. ಆಮೇಲೂ ಎಳೆದ್ರೆ ಫ್ಲೆಕ್ಸ್‌ಪ್ಲೇಟ್ (ಸ್ಟಾರ್ಟರ್ ತಿರುಗಿಸೋ ಚಕ್ರ) ಹಲ್ಲು ಎಣಿಸಿ ತರಿಸಿ. 168 ಇದ್ರೆ ಸ್ಟಾರ್ಟರ್ ಬೋಲ್ಟ್‌ಗಳ ಸಾಲು ಓರೆ, 153 ಇದ್ರೆ ನೇರ.

ಹಾಲಿ_780:
ರಿಟರ್ನ್ ಲೈನ್ ಮಾತ್ರ ಬಿಡಬೇಡಿ.