ನಿದ್ದೆಯ ಸಾಲ ಒಂದು ಭಾನುವಾರಕ್ಕೆ ತೀರುವುದಿಲ್ಲ

ಓದುಗರೊಬ್ಬರು ಬರೆದ ಸಮಸ್ಯೆ, ಅದಕ್ಕೆ ಐವರು ಬರೆದ ಉತ್ತರಗಳು ಇಲ್ಲಿವೆ. ಸಮಸ್ಯೆ ಹೀಗಿತ್ತು: "ನನಗೆ 38 ವರ್ಷ. ಮಗು ಹುಟ್ಟಿ ನಾಲ್ಕು ವರ್ಷವಾಯಿತು. ಅಂದಿನಿಂದ ರಾತ್ರಿ ಐದು ಗಂಟೆಗಿಂತ ಜಾಸ್ತಿ ಮಲಗಿದ್ದು ನೆನಪಿಲ್ಲ. ಆಫೀಸು, ಮನೆ ಎರಡೂ ಮುಗಿಯುವಾಗ ಹನ್ನೆರಡೂವರೆ. ಬೆಳಿಗ್ಗೆ ಐದೂವರೆಗೆ ಅಲಾರಂ. ಈಗ ಮಗು ರಾತ್ರಿಯಿಡೀ ಮಲಗುತ್ತದೆ. ಆದರೆ ಬೇಗ ಹಾಸಿಗೆಗೆ ಹೋದರೂ ನನಗೆ ನಿದ್ದೆ ಹತ್ತುವುದಿಲ್ಲ. ಭಾನುವಾರ ಹನ್ನೊಂದರವರೆಗೆ ಮಲಗಿದರೂ ಸುಸ್ತು ಹೋಗುವುದಿಲ್ಲ. ಮಾತಾಡುವಾಗ ಹೆಸರುಗಳೇ ಮರೆತುಹೋಗುತ್ತವೆ. ಮಗುವಿನ ಮೇಲೆ ರೇಗುತ್ತೇನೆ, ಆಮೇಲೆ ಒಬ್ಬಳೇ ಅಳುತ್ತೇನೆ. ಎಲ್ಲರೂ ಹೀಗೇ ಇರುತ್ತಾರಾ? ಅಥವಾ ನಾನೇ ಸೋಮಾರಿಯಾ?"

ನಿಮ್ಮ ಪತ್ರದ ಕೊನೆಯ ಸಾಲು ಓದಿ ಸಂಕಟವಾಯಿತು. ನೀವು ಸೋಮಾರಿ ಅಲ್ಲವೇ ಅಲ್ಲ. ನಾಲ್ಕು ವರ್ಷ ಅರೆನಿದ್ದೆಯಲ್ಲೇ ಮನೆ, ಮಗು, ಕೆಲಸ ಎಲ್ಲವನ್ನೂ ನಿಭಾಯಿಸಿದವರು ನೀವು.

ನಾನೂ ಆರು ವರ್ಷ ಹೀಗೇ ಇದ್ದೆ. "ನನಗೆ ಐದು ಗಂಟೆ ಸಾಕು, ಅಭ್ಯಾಸವಾಗಿದೆ" ಎಂದು ಕೇಳಿದವರಿಗೆಲ್ಲ ಹೇಳುತ್ತಿದ್ದೆ, ನಾನೂ ನಂಬಿದ್ದೆ. ಒಂದು ಸಂಜೆ ಸ್ಕೂಟರಿನಲ್ಲಿ ಮನೆಗೆ ಬರುವಾಗ ದಿನಾ ದಾಟುವ ತಿರುವನ್ನು ಹೇಗೆ ದಾಟಿದೆ ಎಂಬುದೇ ಗೊತ್ತಾಗಲಿಲ್ಲ. ಚಕ್ರ ರಸ್ತೆ ಬದಿಯ ಕಲ್ಲಿಗೆ ತಗುಲಿದಾಗ ಎಚ್ಚರವಾಯಿತು. ಕಣ್ಣು ತೆರೆದೇ ಇತ್ತು ಎಂದು ಇವತ್ತಿಗೂ ಅನಿಸುತ್ತದೆ. ಕೆಲವೇ ಸೆಕೆಂಡುಗಳ ಜೊಂಪು, ನಮಗೆ ಗೊತ್ತೇ ಆಗುವುದಿಲ್ಲ. ಆವತ್ತು ಹಿಂದಿನ ಸೀಟಿನಲ್ಲಿ ಮಗಳು ಇರಲಿಲ್ಲ. ಅದನ್ನು ನೆನೆದರೆ ಈಗಲೂ ಕೈ ನಡುಗುತ್ತದೆ.

ಆಮೇಲೆ ಓದತೊಡಗಿದೆ. 2003ರಲ್ಲಿ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದವರು ಆರೋಗ್ಯವಂತರನ್ನು ಗುಂಪು ಮಾಡಿ 14 ದಿನ ಕೆಲವರಿಗೆ ನಾಲ್ಕು ಗಂಟೆ, ಕೆಲವರಿಗೆ ಆರು, ಕೆಲವರಿಗೆ ಎಂಟು ಗಂಟೆ ಮಲಗಲು ಬಿಟ್ಟರು. ಆರು ಗಂಟೆ ಮತ್ತು ಅದಕ್ಕಿಂತ ಕಡಿಮೆ ಮಲಗಿದವರ ಗಮನ, ನೆನಪು ದಿನದಿಂದ ದಿನಕ್ಕೆ ಕುಸಿಯುತ್ತಾ ಹೋಯಿತು. ಕೊನೆಗೆ ಒಂದೆರಡು ರಾತ್ರಿ ಪೂರ್ತಿ ನಿದ್ದೆಗೆಟ್ಟವರ ಮಟ್ಟಕ್ಕೆ ಬಂತು. ನನ್ನನ್ನು ಬೆಚ್ಚಿಬೀಳಿಸಿದ್ದು ಇದಲ್ಲ. ಅವರನ್ನೇ ಕೇಳಿದರೆ "ಸ್ವಲ್ಪ ತೂಕಡಿಕೆ ಇದೆ, ಅಷ್ಟೇ" ಎನ್ನುತ್ತಿದ್ದರಂತೆ. ನಿದ್ದೆ ಕಡಿಮೆಯಾದಾಗ ನಮ್ಮ ಸ್ಥಿತಿಯನ್ನು ನಾವೇ ಅಳೆಯುವ ಶಕ್ತಿಯೂ ಕುಂದುತ್ತದೆ. ಅದಕ್ಕೇ "ಎಲ್ಲರೂ ಹೀಗೇ ಇರುತ್ತಾರಾ" ಎಂಬ ಅನುಮಾನ ಬರುವುದು. ದೊಡ್ಡವರಿಗೆ ರಾತ್ರಿ ಕನಿಷ್ಠ ಏಳು ಗಂಟೆ ಬೇಕು. ಅದಕ್ಕಿಂತ ಕಡಿಮೆ ಸಾಕಾಗುವವರು ತೀರಾ ಅಪರೂಪ.

ಇನ್ನೊಂದು ಲೆಕ್ಕ ಹೇಳುತ್ತೇನೆ, ದಯವಿಟ್ಟು ಗಮನಿಸಿ. 17 ಗಂಟೆ ಒಂದೇ ಸಮ ಎಚ್ಚರವಿದ್ದರೆ ಕೈ, ಕಣ್ಣಿನ ಚುರುಕು ರಕ್ತದಲ್ಲಿ 0.05 ಶೇಕಡ ಮದ್ಯ ಇರುವವರಷ್ಟು ಮಂದವಾಗುತ್ತದೆ ಎಂದು 1997ರಲ್ಲೇ ತೋರಿಸಿದ್ದಾರೆ. ಐದೂವರೆಗೆ ಏಳುವ ನಿಮಗೆ 17 ಗಂಟೆ ತುಂಬುವುದು ರಾತ್ರಿ ಹತ್ತೂವರೆಗೆ. ಅಲ್ಲಿಂದ ಮುಂದೆ ಇನ್ನೂ ಎರಡು ಗಂಟೆ ನೀವು ಕೆಲಸ ಮಾಡುತ್ತಿದ್ದೀರಿ. ಸದ್ಯಕ್ಕೆ ರಾತ್ರಿ ಹೊತ್ತು ಗಾಡಿ ಓಡಿಸಬೇಡಿ.

ನಾನು ಸುಧಾರಿಸಿದ್ದು ನಿಧಾನವಾಗಿ. ಏಳುವ ಹೊತ್ತನ್ನು ಆರಕ್ಕೆ ಕಟ್ಟಿಹಾಕಿದೆ, ರಜೆಯಲ್ಲೂ ಅದೇ. ರಾತ್ರಿ ಕಣ್ಣು ಎಳೆಯತೊಡಗಿದ ಹೊತ್ತಿಗೇ ಎದ್ದು ಹೋಗಿ ಮಲಗುತ್ತಿದ್ದೆ. ಹಾಗೆ ವಾರಕ್ಕೆ ಹದಿನೈದು ನಿಮಿಷದಂತೆ ಬೇಗ ಮಲಗುವುದು ರೂಢಿಯಾಯಿತು. ಮೊದಲ ಎರಡು ವಾರ ಹಗಲಲ್ಲಿ ಇನ್ನೂ ಜಾಸ್ತಿ ನಿದ್ದೆ ಎಳೆಯಿತು, ಹೆದರಿ ಬಿಟ್ಟುಬಿಡೋಣ ಅನಿಸಿತ್ತು. ಬಿಡಲಿಲ್ಲ. ಎರಡು ತಿಂಗಳಾದ ಮೇಲೆ ಒಂದು ದಿನ ಮಗಳು ಲೋಟ ಒಡೆದಳು. ನಾನು ಕೂಗಲಿಲ್ಲ. ಅವಳೇ ಆಶ್ಚರ್ಯದಿಂದ ನನ್ನ ಮುಖ ನೋಡಿದಳು.

– ಒಬ್ಬ ಶಿಕ್ಷಕಿ

ತಂಗಿ, ನಾನು ಮೂವತ್ತು ವರ್ಷ ನರ್ಸ್ ಆಗಿ ರಾತ್ರಿ ಪಾಳಿ ಮಾಡಿದವಳು. ನಿಮ್ಮ ತೊಂದರೆ ಒಂದಲ್ಲ, ಎರಡು. ಮೊದಲು ಮಲಗಲು ಹೊತ್ತು ಸಿಗಲಿಲ್ಲ. ಈಗ ಹೊತ್ತು ಸಿಕ್ಕರೂ ನಿದ್ದೆ ಬರುತ್ತಿಲ್ಲ. ಎರಡಕ್ಕೂ ಮದ್ದು ಬೇರೆ ಬೇರೆ.

ನಾವು ಎಚ್ಚರವಿದ್ದಷ್ಟೂ ಮೆದುಳಿನಲ್ಲಿ ಅಡೆನೋಸಿನ್ ಎಂಬ ವಸ್ತು ತುಂಬುತ್ತಾ ಬರುತ್ತದೆ. ಅದು ತುಂಬಿದಷ್ಟೂ ನಿದ್ದೆಯ ಒತ್ತಡ ಜಾಸ್ತಿ. ಮಲಗಿದಾಗ ಇಳಿಯುತ್ತದೆ. ಇದರ ಜೊತೆಗೆ ದೇಹದೊಳಗೆ ಒಂದು ಗಡಿಯಾರವಿದೆ, ಅದು ಬೆಳಕು ನೋಡಿ ಹಗಲು ರಾತ್ರಿ ತಿಳಿಯುತ್ತದೆ. ಎರಡೂ ಒಂದೇ ಹೊತ್ತಿಗೆ ಕೂಡಿಬಂದರೆ ನಿದ್ದೆ ತಾನಾಗಿ ಬರುತ್ತದೆ.

ಈಗ ನಿಮ್ಮ ಭಾನುವಾರವನ್ನೇ ನೋಡಿ. ಹನ್ನೊಂದಕ್ಕೆ ಎದ್ದರೆ ರಾತ್ರಿ ಹನ್ನೊಂದಕ್ಕೆ ನೀವು ಎಚ್ಚರವಾಗಿ ಹನ್ನೆರಡೇ ಗಂಟೆ. ಒತ್ತಡ ಸಾಲದು. ಗಡಿಯಾರವೂ ಹಿಂದೆ ಬಿದ್ದಿರುತ್ತದೆ. ಹೊರಳಾಡಿ ಒಂದು ಗಂಟೆಗೆ ಕಣ್ಣು ಮುಚ್ಚಿದರೆ ಐದೂವರೆಗೆ ಅಲಾರಂ. ಸೋಮವಾರವೇ ಹೊಸ ಸಾಲ ಶುರು. ಏಳು ದಿನ ನಿದ್ದೆ ಕಡಿಮೆ ಮಾಡಿಸಿ, ಆಮೇಲೆ ಮೂರು ರಾತ್ರಿ ಎಂಟೆಂಟು ಗಂಟೆ ಮಲಗಲು ಬಿಟ್ಟರೂ ಜನ ಮೊದಲಿನ ಚುರುಕಿಗೆ ಬಂದಿರಲಿಲ್ಲ ಎಂದು ಅಧ್ಯಯನದಲ್ಲಿ ಕಂಡಿದ್ದಾರೆ. ಅಂದ ಮೇಲೆ ಒಂದು ಭಾನುವಾರದ ನಿದ್ದೆ ಎಲ್ಲಿ ಸಾಕು?

ಹಾಗಂತ ನಾಲ್ಕು ವರ್ಷದ ಅಷ್ಟೂ ಗಂಟೆಗಳನ್ನು ಎಣಿಸಿ ಮಲಗಬೇಕಾಗಿಲ್ಲ. 1963ರ ಡಿಸೆಂಬರ್ ಕೊನೆಯಿಂದ 1964ರ ಜನವರಿಯವರೆಗೆ ಅಮೆರಿಕದ ರ‍್ಯಾಂಡಿ ಗಾರ್ಡ್ನರ್ ಎಂಬ 17ರ ಹುಡುಗ 264 ಗಂಟೆ, ಅಂದರೆ 11 ದಿನ ನಿದ್ದೆ ಮಾಡದೆ ಉಳಿದ. ಯಾರೂ ಹಾಗೆ ಮಾಡಬಾರದು. ಆದರೆ ಆಮೇಲೆ ಅವನು ಒಂದೇ ಸಮ ಮಲಗಿದ್ದು ಹದಿನಾಲ್ಕು ಗಂಟೆ ಚಿಲ್ಲರೆ. ದೇಹ ಗಂಟೆಗೆ ಗಂಟೆ ವಸೂಲಿ ಮಾಡುವುದಿಲ್ಲ. ಗಾಢ ನಿದ್ದೆಯ ಪಾಲನ್ನು ಜಾಸ್ತಿ ಮಾಡಿ ಸುಧಾರಿಸಿಕೊಳ್ಳುತ್ತದೆ. ನೀವು ಅದಕ್ಕೆ ದಿನಾ ಅವಕಾಶ ಕೊಡಬೇಕು, ಅಷ್ಟೇ.

ಹಗಲಲ್ಲಿ ತಡೆಯಲಾಗದಿದ್ದರೆ ಮಧ್ಯಾಹ್ನ ಮೂರಕ್ಕೆ ಮೊದಲೇ ಇಪ್ಪತ್ತು ನಿಮಿಷ ಮಲಗಿ, ಅಲಾರಂ ಇಟ್ಟು. ಕಾಫಿ ಬಗ್ಗೆ ನೀವು ಬರೆದಿಲ್ಲ, ಆದರೆ ಕುಡಿಯದೆ ಇಷ್ಟು ದಿನ ತಳ್ಳಿರಲಾರಿರಿ. ಕಾಫಿಯಲ್ಲಿರುವ ಕೆಫೀನ್ ಅಡೆನೋಸಿನ್ ಕೂರುವ ಜಾಗದಲ್ಲಿ ತಾನು ಹೋಗಿ ಕೂರುತ್ತದೆ. ಸುಸ್ತು ಹೋಗಿರುವುದಿಲ್ಲ, ತಿಳಿಯುವುದಿಲ್ಲ ಅಷ್ಟೇ. ಕುಡಿದದ್ದರಲ್ಲಿ ಅರ್ಧ ಕರಗಲು ಸುಮಾರು ಐದು ಗಂಟೆ ಬೇಕು. ಮಲಗುವ ಆರು ಗಂಟೆ ಮೊದಲು ತೆಗೆದುಕೊಂಡರೂ ರಾತ್ರಿ ನಿದ್ದೆ ಒಂದು ಗಂಟೆಗಿಂತ ಜಾಸ್ತಿ ಕಡಿಮೆಯಾಯಿತು ಎಂದು 2013ರ ಒಂದು ಅಧ್ಯಯನದಲ್ಲಿದೆ. ಅವರು ಕೊಟ್ಟಿದ್ದು ಹೆಚ್ಚಿನ ಪ್ರಮಾಣ, ನಿಜ. ಆದರೂ ಮಧ್ಯಾಹ್ನದ ಊಟವಾದ ಮೇಲೆ ಬೇಡ. ಬೆಳಿಗ್ಗೆ ಎದ್ದ ತಕ್ಷಣ ಹೊರಗಿನ ಬೆಳಕಿಗೆ ಬನ್ನಿ.

– ನಿವೃತ್ತ ನರ್ಸ್

ಒಂದು ಮಾತು ಮಾತ್ರ. ನನಗೂ ಹೀಗೇ ಸುಸ್ತು, ಮರೆವು, ಬೆಳಿಗ್ಗೆ ತಲೆನೋವು ಇತ್ತು. ಎಂಟು ಗಂಟೆ ಮಲಗಿದರೂ ಮಲಗಿದ ಹಾಗೆ ಅನಿಸುತ್ತಿರಲಿಲ್ಲ. ವಯಸ್ಸು, ಟೆನ್ಶನ್ ಎಂದುಕೊಂಡು ಮೂರು ವರ್ಷ ಕಳೆದೆ. ರಾತ್ರಿ ಉಸಿರು ನಿಂತು ನಿಂತು ಬರುವುದನ್ನು ಕಂಡವಳು ನನ್ನ ಹೆಂಡತಿ. ನಿದ್ದೆ ಪರೀಕ್ಷೆ ಮಾಡಿಸಿದಾಗ ಸ್ಲೀಪ್ ಆಪ್ನಿಯಾ, ಅಂದರೆ ನಿದ್ದೆಯಲ್ಲಿ ಉಸಿರು ನಿಂತು ನಿಂತು ಬರುವ ಕಾಯಿಲೆ ಎಂದು ಗೊತ್ತಾಯಿತು. ಈಗ ಮಾಸ್ಕಿನ ಮೂಲಕ ಗಾಳಿ ಒತ್ತಿ ಉಸಿರಿನ ದಾರಿ ತೆರೆದಿಡುವ ಸಿಪ್ಯಾಪ್ ಯಂತ್ರ ಹಾಕಿಕೊಂಡು ಮಲಗುತ್ತೇನೆ. ಹೆಂಗಸರಲ್ಲಿ ದೊಡ್ಡ ಗೊರಕೆ ಇಲ್ಲದೆ ಬರೀ ಸುಸ್ತು, ನಿದ್ದೆ ಬಾರದಿರುವುದಾಗಿಯೂ ಇದು ಕಾಣಿಸಿಕೊಳ್ಳುತ್ತದೆ ಎಂದು ಡಾಕ್ಟರು ಹೇಳಿದರು. ಮೇಡಂ, ಒಮ್ಮೆ ತೋರಿಸಿ. ರಕ್ತ ಕಡಿಮೆ ಇದೆಯಾ, ಕಬ್ಬಿಣದ ಅಂಶ, ಥೈರಾಯ್ಡ್ ಹೇಗಿದೆ ಎಂಬುದನ್ನೂ ನೋಡಿಸಿಬಿಡಿ.

– ಒಬ್ಬ ಓದುಗ

"ಬೇಗ ಹಾಸಿಗೆಗೆ ಹೋದರೂ ನಿದ್ದೆ ಹತ್ತುವುದಿಲ್ಲ" ಎಂದಿರಲ್ಲ, ಅದು ನನ್ನ ಕಥೆ. ಕೆಲಸದ ಒತ್ತಡ ಮುಗಿದು ವರ್ಷವಾಗಿತ್ತು. ನಿದ್ದೆ ಮಾತ್ರ ವಾಪಸ್ ಬರಲಿಲ್ಲ. ಹಾಸಿಗೆ ಕಂಡರೆ ಎದೆ ಡವಡವ ಎನ್ನುತ್ತಿತ್ತು. ಸೋಫಾದಲ್ಲಿ ತೂಕಡಿಸುತ್ತಿದ್ದವಳು ದಿಂಬಿಗೆ ತಲೆ ಕೊಟ್ಟ ಕೂಡಲೇ ಪೂರ್ತಿ ಎಚ್ಚರ!

ನಾನು ಕಂಡ ಮನೋವೈದ್ಯರು ಇದಕ್ಕೆ ಸಿಬಿಟಿ-ಐ ಎಂಬ ಕ್ರಮ ಇದೆ, ನಿದ್ದೆಯ ಬಗೆಗಿನ ಯೋಚನೆ, ಅಭ್ಯಾಸಗಳನ್ನು ಬದಲಿಸುವ ಚಿಕಿತ್ಸೆ ಅದು ಎಂದರು. ನಿದ್ರಾಹೀನತೆಗೆ ಮಾತ್ರೆಗಿಂತ ಮೊದಲು ಇದನ್ನೇ ಕೊಡಬೇಕು ಎಂದು ಅಮೆರಿಕದ ವೈದ್ಯರ ಸಂಘವಾದ ಅಮೆರಿಕನ್ ಕಾಲೇಜ್ ಆಫ್ ಫಿಸಿಶಿಯನ್ಸ್ 2016ರಲ್ಲಿ ಹೇಳಿದೆ. ಇದರಲ್ಲಿ ನನಗೆ ಕಷ್ಟವಾದದ್ದು, ಉಪಯೋಗವೂ ಆದದ್ದು ಒಂದೇ ನಿಯಮ: ಸುಮಾರು ಇಪ್ಪತ್ತು ನಿಮಿಷವಾದರೂ ನಿದ್ದೆ ಬಾರದಿದ್ದರೆ ಹಾಸಿಗೆ ಬಿಟ್ಟು ಏಳಬೇಕು. ಬೇರೆ ಕಡೆ ಮಂದ ಬೆಳಕಿನಲ್ಲಿ ಸುಮ್ನೆ ಕೂರಬೇಕು. ಕಣ್ಣು ಎಳೆದಾಗ ಮಾತ್ರ ವಾಪಸ್. ಒಂದೊಂದು ರಾತ್ರಿ ನಾಲ್ಕು ಸಲ ಎದ್ದಿದ್ದೇನೆ. ಹಾಸಿಗೆ ಎಂದರೆ ಒದ್ದಾಟ ಎಂದು ಕಲಿತ ಮನಸ್ಸಿಗೆ ಹಾಸಿಗೆ ಎಂದರೆ ನಿದ್ದೆ ಎಂದು ಮತ್ತೆ ಕಲಿಸಬೇಕಿತ್ತು. ಗಡಿಯಾರವನ್ನು ಗೋಡೆ ಕಡೆ ತಿರುಗಿಸಿಟ್ಟೆ. "ಇನ್ನು ನಾಲ್ಕೇ ಗಂಟೆ ಉಳಿಯಿತು" ಎಂಬ ಲೆಕ್ಕದಷ್ಟು ನಿದ್ದೆ ಓಡಿಸುವುದು ಇನ್ನೊಂದಿಲ್ಲ.

ಹಾಸಿಗೆಯಲ್ಲಿ ಕಳೆಯುವ ಹೊತ್ತನ್ನೇ ಕೆಲವು ವಾರ ಕಡಿಮೆ ಮಾಡಿಸುವ ಭಾಗವೂ ಇದರಲ್ಲಿದೆ. ಅದನ್ನು ನೀವಾಗಿ ಮಾಡಬೇಡಿ. ಮೊದಲೇ ದಣಿದಿರುವ ನಿಮಗೆ ಬಲ್ಲವರ ಕಣ್ಗಾವಲು ಬೇಕು. ನಿದ್ದೆ ಮಾತ್ರೆಯನ್ನೂ ಯಾರೋ ಹೇಳಿದರು ಅಂತ ನುಂಗಬೇಡಿ. ಈಗಾಗಲೇ ನುಂಗುತ್ತಿದ್ದರೆ ಒಮ್ಮೆಲೇ ನಿಲ್ಲಿಸಬೇಡಿ. ಇನ್ನೊಂದು ವಿಷಯ ಕೇಳಲೇಬೇಕು. ಒಬ್ಬಳೇ ಅಳುತ್ತೇನೆ ಎಂದಿದ್ದೀರಿ. ಯಾವುದರಲ್ಲೂ ಮನಸ್ಸಿಲ್ಲ, ಬದುಕೇ ಬೇಡ ಅನಿಸುತ್ತದೆ ಎಂದಾದರೆ ನಾಳೆಗೆ ತಳ್ಳಬೇಡಿ, ಇವತ್ತೇ ಮನೆಯವರಿಗೂ ಡಾಕ್ಟರಿಗೂ ಹೇಳಿ. ಖಿನ್ನತೆಯಿಂದಲೂ ನಿದ್ದೆ ಕೆಡುತ್ತದೆ, ನಿದ್ದೆ ಕೆಟ್ಟರೂ ಖಿನ್ನತೆ ಹತ್ತಿರವಾಗುತ್ತದೆ.

– ನಿಮ್ಮಂತೆಯೇ ಹೊರಳಾಡಿದವಳು

ನಾನು ಒಬ್ಬ ಗಂಡನಾಗಿ ಬರೆಯುತ್ತಿದ್ದೇನೆ. ಮೇಲೆ ಬಂದಿರುವ ಸಲಹೆಗಳೆಲ್ಲ ಸರಿ. ಆದರೆ ಹನ್ನೆರಡೂವರೆಯವರೆಗೆ ಮನೆಕೆಲಸ ಮುಗಿಯದಿದ್ದರೆ ಯಾವ ಸಲಹೆ ತಾನೇ ನಡೆಯುತ್ತದೆ? ನಿಮ್ಮ ಪತ್ರದಲ್ಲಿ ಮನೆಯ ಬೇರೆಯವರ ಮಾತೇ ಇಲ್ಲ. ನಮ್ಮ ಮನೆಯಲ್ಲೂ ಹೀಗೇ ಇತ್ತು. ನನ್ನ ಹೆಂಡತಿ ಮಲಗುವುದು ಎಷ್ಟು ಹೊತ್ತಿಗೆ ಎಂದು ನನಗೆ ಗೊತ್ತೇ ಇರಲಿಲ್ಲ, ಏಕೆಂದರೆ ಅಷ್ಟರಲ್ಲಿ ನಾನು ಮಲಗಿರುತ್ತಿದ್ದೆ. ಅವಳು ಕಾಯಿಲೆ ಬಿದ್ದ ಮೇಲೆ ಕೂತು ಬರೆದೆವು: ರಾತ್ರಿ ಒಂಬತ್ತರಿಂದ ಹನ್ನೆರಡರವರೆಗೆ ಯಾರು ಏನು ಮಾಡುತ್ತಾರೆ ಎಂದು. ಅವಳ ಹೆಸರಿನ ಕೆಳಗೆ ಹನ್ನೊಂದು ಕೆಲಸ ಇತ್ತು, ನನ್ನದರ ಕೆಳಗೆ ಒಂದು. ಅದರಲ್ಲಿ ಮೂರು ಬೆಳಿಗ್ಗೆಗೆ ಹೋದವು, ಎರಡು ಮಾಡಬೇಕಾಗಿಯೇ ಇರಲಿಲ್ಲ, ನಾಲ್ಕು ನನಗೆ ಬಂದವು. ಈಗ ಅವಳು ಹತ್ತೂಕಾಲಿಗೆ ದೀಪ ಆರಿಸುತ್ತಾಳೆ. ಅಡುಗೆಮನೆಯಲ್ಲಿ ಸದ್ದಾಗದ ಹಾಗೆ ಪಾತ್ರೆ ಎತ್ತಿಡುವುದನ್ನು ನಾನು ಕಲಿತಿದ್ದೇನೆ.

ಸಹೋದರಿ, ಈ ಪುಟವನ್ನು ನಿಮ್ಮ ಮನೆಯವರ ಕೈಗೆ ಕೊಡಿ. ಇವತ್ತು ರಾತ್ರಿಯೇ.

– ಇಬ್ಬರು ಮಕ್ಕಳ ತಂದೆ