ಗಿಟ್ ರೀಸೆಟ್ --ಹಾರ್ಡ್ ಕೊಟ್ಟೆ, ಮೂರು ದಿನದ ಕೋಡ್ ಮಾಯ. ವಾಪಸ್ ಸಿಗುತ್ತಾ?

ರಾಗಿರೊಟ್ಟಿ:
ಎಲ್ಲರಿಗೂ ನಮಸ್ಕಾರ. ಮಾವನ ಹಾರ್ಡ್‌ವೇರ್ ಅಂಗಡಿಗೆ ಬಿಲ್ಲಿಂಗ್ ಪ್ರೋಗ್ರಾಂ ಬರೆಯುತ್ತಿದ್ದೇನೆ. ಕೋಡಿನ ಹಳೇ ಪ್ರತಿಗಳನ್ನು ಇಟ್ಟುಕೊಳ್ಳಲು ಗಿಟ್ ಬಳಸುತ್ತೇನೆ. ನಾನೊಬ್ಬನೇ ಮಾಡುತ್ತಿರುವುದು, ಎಲ್ಲೂ ಪುಶ್ ಮಾಡಿಲ್ಲ (ಬೇರೆ ಕಡೆ ಕಳಿಸಿಟ್ಟಿಲ್ಲ). ಜಿಎಸ್‌ಟಿ ಲೆಕ್ಕದಲ್ಲಿ ಒಂದು ರೂಪಾಯಿ ವ್ಯತ್ಯಾಸ ಬರುತ್ತಿತ್ತು. ಮೊದಲು ಸರಿ ಇತ್ತಾ ನೋಡೋಣ ಅಂತ ಮೂರು ಕಮಿಟ್ (ಗಿಟ್‌ನಲ್ಲಿ ಉಳಿಸಿದ ಪ್ರತಿ) ಹಿಂದಕ್ಕೆ ರೀಸೆಟ್ --ಹಾರ್ಡ್ ಕೊಟ್ಟೆ. ಈಗ ಗಿಟ್ ಲಾಗ್‌ನಲ್ಲಿ ಆ ಮೂರೂ ಇಲ್ಲ. ಬಿಲ್ ಪ್ರಿಂಟ್ ಮಾಡುವ ಹೊಸ ಫೈಲ್ ಕೂಡ ಹೋಗಿದೆ. ಮುಂದಿನ ಕಮಿಟ್‌ಗೆ ಸೇರಿಸಲು ಅದನ್ನು ಆಡ್ ಮಾಡಿದ್ದೆ, ಕಮಿಟ್ ಮಾಡಿರಲಿಲ್ಲ. ದಯವಿಟ್ಟು ದಾರಿ ಹೇಳಿ.

ಹಳೇಕೀಬೋರ್ಡ್:
ಗಾಬರಿ ಬೇಡ, ಸಿಗುತ್ತದೆ. ಮೊದಲು ಇಡೀ ಫೋಲ್ಡರನ್ನು, ಒಳಗಿರುವ .ಗಿಟ್ ಸಮೇತ, ಬೇರೆ ಕಡೆ ಕಾಪಿ ಮಾಡಿ. ಬೇಡದ್ದನ್ನು ಗುಡಿಸಿಹಾಕುವ 'ಗಿಟ್ ಜಿಸಿ' ಮಾತ್ರ ಓಡಿಸಬೇಡಿ.

ರೀಸೆಟ್ ಕಮಿಟ್‌ಗಳನ್ನು ಅಳಿಸುವುದಿಲ್ಲ. ಬ್ರಾಂಚ್ (ಕಮಿಟ್ ಸಾಲಿನ ತುದಿಗೆ ಇಟ್ಟ ಹೆಸರು) ಹಿಂದಿನ ಕಮಿಟ್ ಕಡೆ ಕೈ ತೋರಿಸುತ್ತದೆ, ಅಷ್ಟೇ. ಹೆಡ್, ಅಂದರೆ ನೀವು ಈಗಿರುವ ಕಮಿಟ್‌ನ ಗುರುತು, ಎಲ್ಲೆಲ್ಲಿ ಓಡಾಡಿತು ಅನ್ನುವುದನ್ನೂ ಗಿಟ್ ಬರೆದಿಟ್ಟಿರುತ್ತದೆ. 'ಗಿಟ್ ರಿಫ್ಲಾಗ್' ಕೊಡಿ. ಮೇಲಿನ ಸಾಲಿನಲ್ಲಿ ರೀಸೆಟ್ ಕಾಣುತ್ತದೆ. ಅದರ ಕೆಳಗಿನದೇ ನಿಮ್ಮ ಕೊನೇ ಕಮಿಟ್. ಅದರ ಹ್ಯಾಶ್ (ಸಾಲಿನ ಮೊದಲಿಗಿರುವ ಅಕ್ಷರ-ಅಂಕಿಗಳ ಗುರುತು) ತೆಗೆದುಕೊಂಡು 'ಗಿಟ್ ಬ್ರಾಂಚ್ ಉಳಿಸು' ಅಂತ ಬರೆದು ಮುಂದೆ ಹಾಕಿ. ಮತ್ತೆ ರೀಸೆಟ್ ಮಾಡುವುದಕ್ಕಿಂತ ಇದು ಸುರಕ್ಷಿತ. ಸೆಟ್ಟಿಂಗ್ ಬದಲಿಸದಿದ್ದರೆ ಇಂಥ ಕಮಿಟ್‌ಗಳ ದಾಖಲೆ ರಿಫ್ಲಾಗ್‌ನಲ್ಲಿ 30 ದಿನ ಇರುತ್ತದೆ.

ರಾಗಿರೊಟ್ಟಿ:
ಮೂರೂ ಬಂದವು! ತುಂಬಾ ಥ್ಯಾಂಕ್ಸ್. ಪ್ರಿಂಟ್ ಫೈಲ್ ಮಾತ್ರ ಇಲ್ಲ.

ಹಳೇಕೀಬೋರ್ಡ್:
ಕಮಿಟ್ ಆಗದ್ದು ರಿಫ್ಲಾಗ್‌ನಲ್ಲಿ ಬರುವುದಿಲ್ಲ. ಆದರೆ ಆಡ್ ಮಾಡಿದಾಗಲೇ ಫೈಲಿನಲ್ಲಿದ್ದದ್ದನ್ನು ಗಿಟ್ ತೆಗೆದಿಟ್ಟುಕೊಂಡಿರುತ್ತದೆ. 'ಗಿಟ್ ಎಫ್‌ಎಸ್‌ಸಿಕೆ --ಲಾಸ್ಟ್-ಫೌಂಡ್' ಕೊಡಿ. ಆಮೇಲೆ .ಗಿಟ್ ಒಳಗಿನ ಲಾಸ್ಟ್-ಫೌಂಡ್ ಫೋಲ್ಡರಿನಲ್ಲಿ 'ಅದರ್' ತೆರೆಯಿರಿ. ಫೈಲ್‌ಗಳಿಗೆ ಹಳೇ ಹೆಸರು ಇರುವುದಿಲ್ಲ, ಹ್ಯಾಶ್ ಇರುತ್ತದೆ. ನಿಮ್ಮ ಫೈಲಿನಲ್ಲಿ ಖಂಡಿತ ಇದ್ದ ಒಂದು ಪದವನ್ನು ಅಲ್ಲಿ ಗ್ರೆಪ್ ಮಾಡಿ, ಅಂದರೆ ಹುಡುಕಿ.

ಸಂಜೆಕಾಫಿ:
ನಡುವೆ ಬಂದೆ. ಆಡ್ ಕೂಡ ಮಾಡದ ತಿದ್ದುಪಡಿ ಗಿಟ್‌ಗೆ ಗೊತ್ತೇ ಇರುವುದಿಲ್ಲ. ನನ್ನ ಒಂದು ರಾತ್ರಿಯ ಕೆಲಸ ಹಾಗೇ ಹೋಯಿತು, ಇವತ್ತಿಗೂ ಬೇಜಾರಿದೆ. ಅಂಥ ಸಮಯದಲ್ಲಿ ಕೋಡ್ ಬರೆಯುವ ಎಡಿಟರ್ ವಿಎಸ್ ಕೋಡ್‌ನ ಟೈಮ್‌ಲೈನ್ ನೋಡಿ. 2022ರಿಂದ ಅದು ಸೇವ್ ಮಾಡಿದ ಹಳೇ ಪ್ರತಿಗಳನ್ನು ಇಟ್ಟುಕೊಳ್ಳುತ್ತದೆ.

ಇನ್ನೊಂದು ಮಾತು. ತಪ್ಪು ಯಾವಾಗ ಬಂತು ಅಂತ ಹುಡುಕಲು ರೀಸೆಟ್ ಬೇಕಿಲ್ಲ. ಇರುವುದನ್ನೆಲ್ಲ ಕಮಿಟ್ ಮಾಡಿ 'ಗಿಟ್ ಬೈಸೆಕ್ಟ್' ಶುರು ಮಾಡಿ. ಸರಿ ಇದ್ದ ಒಂದು ಕಮಿಟ್, ಕೆಟ್ಟಿರುವ ಒಂದು ಕಮಿಟ್ ಹೇಳಿ. ಅದು ನಡುವಿನದನ್ನು ತೆರೆದುಕೊಡುತ್ತದೆ, ನೀವು ಸರಿಯಾ ತಪ್ಪಾ ಹೇಳುತ್ತಾ ಹೋಗಿ. 1000 ಕಮಿಟ್ ಇದ್ದರೂ ಹತ್ತು ಸಲ ನೋಡಿದರೆ ಸಾಕು. ಕಮಿಟ್‌ಗಳು ಚಿಕ್ಕದಾಗಿದ್ದಷ್ಟೂ ತಪ್ಪಿನ ಸಾಲು ಬೇಗ ಕಾಣುತ್ತದೆ. ಒಬ್ಬರೇ ಕೆಲಸ ಮಾಡುವವರಿಗೆ ಗಿಟ್ ಯಾಕೆ ಅನ್ನುವವರಿಗೆ ನಾನು ಮೊದಲು ತೋರಿಸುವುದೇ ಇದನ್ನು.

ರಾಗಿರೊಟ್ಟಿ:
ಪ್ರಿಂಟ್ ಫೈಲ್ ಸಿಕ್ಕಿತು, ಪೂರ್ತಿ ಇದೆ. ಬೈಸೆಕ್ಟ್ ಐದನೇ ಸಲಕ್ಕೆ ತಪ್ಪಿನ ಕಮಿಟ್ ಹಿಡಿಯಿತು. ಪ್ರತಿ ಐಟಂನ ತೆರಿಗೆಯನ್ನು ರೌಂಡ್ ಮಾಡಿ ಆಮೇಲೆ ಕೂಡಿಸುತ್ತಿದ್ದೆ. ಕೂಡಿಸಿದ ಮೇಲೆ ಒಂದೇ ಸಲ ರೌಂಡ್ ಮಾಡುವಂತೆ ಬದಲಿಸಿದೆ, ಲೆಕ್ಕ ಸರಿಯಾಯಿತು. ಪ್ರೈವೇಟ್ ರೆಪೊ (ಕೋಡ್ ಇಡುವ ಜಾಗ) ತೆರೆದು ಈಗಷ್ಟೇ ಪುಶ್ ಮಾಡಿದೆ.