ಕ್ಯಾನ್ಸರ್ ಔಷಧ: ಪ್ರಯೋಗ ಮಾತ್ರ ಸಾಕ್ಷಿಯೇ, ರೋಗಿಗಳ ಫೈಲೂ ಸಾಕ್ಷಿಯೇ?

ತುಂಗಾತೀರ:
ಗಂಡಸರಿಗೂ ಸ್ತನ ಕ್ಯಾನ್ಸರ್ ಬರುತ್ತದೆ. ಆದರೆ ನೂರು ರೋಗಿಗಳಲ್ಲಿ ಒಬ್ಬ ಗಂಡಸೂ ಸಿಗುವುದು ಕಷ್ಟ, ಅಷ್ಟು ಅಪರೂಪ. ಸ್ತನ ಕ್ಯಾನ್ಸರಿಗೆ ಕೊಡುವ ಪಾಲ್ಬೊಸಿಕ್ಲಿಬ್ ಔಷಧದ ಮುಖ್ಯ ಪ್ರಯೋಗಗಳು ನಡೆದದ್ದು ಹೆಂಗಸರಲ್ಲಿ. 2019ರಲ್ಲಿ ಔಷಧಗಳಿಗೆ ಒಪ್ಪಿಗೆ ಕೊಡುವ ಅಮೆರಿಕದ ಸರ್ಕಾರಿ ಸಂಸ್ಥೆ ಎಫ್‌ಡಿಎ ಅದನ್ನು ಗಂಡಸರಿಗೂ ಕೊಡಬಹುದು ಎಂದಿತು. ಆಧಾರ ಏನು? ಆಸ್ಪತ್ರೆಗಳ ಕಂಪ್ಯೂಟರ್ ದಾಖಲೆ, ವಿಮೆ ದಾಖಲೆ, ಕಂಪನಿಗೆ ಬಂದ ಅಡ್ಡಪರಿಣಾಮಗಳ ವರದಿ. ನನಗೆ ಇದು ಸರಿ ಅನಿಸುತ್ತದೆ. ನಿಮಗೆ?

ಅಂಕಿಲೆಕ್ಕ:
ಆ ಔಷಧದ ವಿಷಯದಲ್ಲಿ ನನ್ನ ತಕರಾರಿಲ್ಲ. ಹೆಂಗಸರಲ್ಲಿ ಕೆಲಸ ಮಾಡುತ್ತದೆ ಅಂತ ಪ್ರಯೋಗ ಮೊದಲೇ ತೋರಿಸಿತ್ತು. ಬರೀ ಫೈಲು ನಂಬಿದರೆ ಏನಾಗುತ್ತದೆ ನೋಡಿ. 1990ರ ದಶಕದಲ್ಲಿ ಅಮೆರಿಕದಲ್ಲಿ ಸ್ತನ ಕ್ಯಾನ್ಸರಿನ ಸಾವಿರಾರು ಹೆಂಗಸರಿಗೆ ವಿಪರೀತ ಡೋಸಿನ ಕೀಮೋ ಕೊಟ್ಟು ಅಸ್ಥಿಮಜ್ಜೆ ಕಸಿ ಮಾಡಿದರು. ಹಳೇ ರೋಗಿಗಳ ದಾಖಲೆ ಪಕ್ಕ ಇಟ್ಟು ನೋಡಿದಾಗ ಇವರು ಜಾಸ್ತಿ ದಿನ ಬದುಕಿದಂತೆ ಕಂಡಿತು. ಆದರೆ ಅಂಥ ಚಿಕಿತ್ಸೆಗೆ ಆರಿಸಿದ್ದೇ ಗಟ್ಟಿ ಇದ್ದವರನ್ನು. ಕೊನೆಗೆ ಚೀಟಿ ಎತ್ತಿದ ಹಾಗೆ ಎರಡು ಗುಂಪು ಮಾಡಿ ನೋಡಿದರು. 1999ರಲ್ಲಿ ಫಲಿತಾಂಶ ಬಂತು. ಹೇಳಿಕೊಳ್ಳುವ ಉಪಯೋಗ ಇರಲಿಲ್ಲ. ಉಪಯೋಗವಿದೆ ಎಂದಿದ್ದ ದಕ್ಷಿಣ ಆಫ್ರಿಕಾದ ಅಧ್ಯಯನ ಸುಳ್ಳು ಅಂತ ಮರುವರ್ಷ ಬಯಲಾಯಿತು. ಅಷ್ಟರಲ್ಲಿ ಆ ಚಿಕಿತ್ಸೆಯಿಂದಲೇ ಸತ್ತವರಿದ್ದರು.

ದಾವಣಗೆರೆ ಮಗಳು:
ನನ್ನ ಅಪ್ಪನಿಗೆ 76 ವರ್ಷ. ಶುಗರ್ ಇದೆ, ಕಿಡ್ನಿಯೂ ಸರಿ ಇಲ್ಲ. ಅವರಿಗೆ ಹೇಳಿರುವ ಔಷಧದ ಪ್ರಯೋಗಕ್ಕೆ ಸೇರಿಸಿಕೊಂಡದ್ದು ಓಡಾಡಿಕೊಂಡಿದ್ದವರನ್ನು, ಕಿಡ್ನಿ ಲಿವರ್ ಚೆನ್ನಾಗಿದ್ದವರನ್ನು. "ಈ ವಯಸ್ಸಿನವರು ತಡೆದುಕೊಳ್ತಾರಾ ಡಾಕ್ಟ್ರೇ?" ಅಂತ ಕೇಳಿದೆ. "ಪ್ರಯೋಗದಲ್ಲಿ ಅದಕ್ಕೆ ಉತ್ತರ ಇಲ್ಲಮ್ಮ" ಎಂದರು. ಅಪ್ಪನಂಥವರು ಎಷ್ಟೋ ಜನ ಈಗಾಗಲೇ ಅದನ್ನು ತಗೊಂಡಿರುತ್ತಾರೆ, ಅಲ್ವಾ? ಅವರಿಗೆ ಏನಾಯಿತು ಅಂತ ಓದುವುದು ಬೇಡವಾ?

ಅಂಕಿಲೆಕ್ಕ:
ಖಂಡಿತ ಬೇಕು ತಂಗಿ. ಎಷ್ಟು ಜನಕ್ಕೆ ಸುಸ್ತಾಯಿತು, ಎಷ್ಟು ಜನ ಅರ್ಧಕ್ಕೇ ಬಿಟ್ಟರು, ಇದನ್ನೆಲ್ಲ ಫೈಲೇ ಹೇಳಬೇಕು. ಔಷಧದಿಂದಲೇ ಬದುಕಿದರಾ ಎಂದು ಕೇಳಿದಾಗ ಮಾತ್ರ ಎಡವುತ್ತೇವೆ. ಆರು ಕೀಮೋ ತಗೊಂಡವರು ಎರಡು ತಗೊಂಡವರಿಗಿಂತ ಜಾಸ್ತಿ ಬದುಕಿದರು ಅಂತ ಫೈಲು ತೋರಿಸುತ್ತದೆ. ಆರನೆಯದರವರೆಗೆ ಬದುಕಿದ್ದವರಿಗೆ ತಾನೇ ಆರನೆಯದು ಸಿಗುವುದು?

ತುಂಗಾತೀರ:
ಒಪ್ಪಿದೆ. ಆದರೆ ಕಂಪನಿಗೆ ಲಾಭ ಇಲ್ಲದ ಪ್ರಯೋಗಕ್ಕೆ ದುಡ್ಡು ಯಾರು ಹಾಕುತ್ತಾರೆ?

ಅಂಕಿಲೆಕ್ಕ:
ಮುಂಬೈನ ಟಾಟಾ ಮೆಮೋರಿಯಲ್ ಮಾಡಿ ತೋರಿಸಿದೆಯಲ್ಲ. ಬಾಯಿ, ಗಂಟಲು ಕ್ಯಾನ್ಸರ್ ಮುಂದುವರಿದವರಿಗೆ ಕಡಿಮೆ ಖರ್ಚಿನ ಮಾತ್ರೆಗಳ ಜೊತೆ ನಿವೊಲುಮ್ಯಾಬ್ ಸೇರಿಸಿದರು, ಅದು ದೇಹದ ರೋಗನಿರೋಧಕ ಶಕ್ತಿಯನ್ನೇ ಕ್ಯಾನ್ಸರಿನ ಮೇಲೆ ಎಬ್ಬಿಸುವ ಔಷಧ. ಮೂರು ವಾರಕ್ಕೊಮ್ಮೆ ಬರೀ 20 ಮಿಲಿಗ್ರಾಂ. ಮಾಮೂಲಿ ಡೋಸ್ 200 ದಾಟುತ್ತದೆ. ಒಂದು ವರ್ಷ ಬದುಕಿದವರು ನೂರಕ್ಕೆ 16 ಇದ್ದದ್ದು 43 ಆಯಿತು. 2022ರಲ್ಲಿ ಪ್ರಕಟವಾಯಿತು. ಬರೀ 151 ಜನರ ಪ್ರಯೋಗ.

ವಾರ್ಡ್ ಸಿಸ್ಟರ್:
ಫೈಲು ಫೈಲು ಅಂತೀರಿ, ಒಳಗೆ ಏನಿದೆ ಅಂತ ನೋಡಿದ್ದೀರಾ? ನಾನು 14 ವರ್ಷ ಕೀಮೋ ವಾರ್ಡಿನಲ್ಲಿದ್ದೆ. ಮೂರನೇ ಕೀಮೋ ಆದ ಮೇಲೆ ಎಷ್ಟೋ ಕೇಸ್ ಶೀಟುಗಳಲ್ಲಿ ಮುಂದೆಲ್ಲ ಖಾಲಿ. ಬಸ್ಸಿಗೆ ದುಡ್ಡಿಲ್ಲದೆ ನಿಲ್ಲಿಸಿದರೋ, ವಾಸಿಯಾಯಿತು ಅಂದುಕೊಂಡರೋ, ತೀರಿಕೊಂಡರೋ, ಶೀಟು ಹೇಳುವುದಿಲ್ಲ. ಬೆಂಗಳೂರಿನ ಕಿದ್ವಾಯಿಯ ಕ್ಯಾನ್ಸರ್ ನೋಂದಣಿ ಕೇಂದ್ರ 1982ರಿಂದ ಲೆಕ್ಕ ಇಡುತ್ತಿದೆ. ಅಲ್ಲಿನ ಸಿಬ್ಬಂದಿ ಆಸ್ಪತ್ರೆ ಆಸ್ಪತ್ರೆ ಸುತ್ತಿ ವಿವರ ತರುತ್ತಾರೆ. ಯಾವ ಕ್ಯಾನ್ಸರ್ ಎಷ್ಟು ಜನಕ್ಕೆ ಅಂತ ಅದರಿಂದ ತಿಳಿಯುತ್ತದೆ. ಔಷಧ ನಿಲ್ಲಿಸಿದ್ದು ಯಾಕೆ ಅಂತ ಮಾತ್ರ ವಾರ್ಡಿನಲ್ಲೇ ಬರೆಯಬೇಕು. ನಾವು ಮೂವರು ಸಿಸ್ಟರ್‌ಗಳು ಬಾರದವರ ಪಟ್ಟಿ ಮಾಡಿ ಪ್ರತಿ ಶನಿವಾರ ಫೋನ್ ಮಾಡುತ್ತಿದ್ದೆವು. ಅರ್ಧಕ್ಕರ್ಧ ನಂಬರ್ ಸ್ವಿಚ್ ಆಫ್.

ದಾವಣಗೆರೆ ಮಗಳು:
ಸಿಸ್ಟರ್, ಅಪ್ಪನ ಶೀಟಿನಲ್ಲಿ ನನ್ನ ನಂಬರ್ ಒಂದೇ ಇದೆ. ನಾಳೆ ಎರಡನೇ ಕೀಮೋ. ತಮ್ಮನದ್ದೂ, ಪಕ್ಕದ ಮನೆಯವರದ್ದೂ ಬರೆಸುತ್ತೇನೆ.